ಜೀನ್ಸ್ ಜಾಕೆಟ್, ಕೌದಿ ಹೊಲಿಗೆ: ಫುಟ್‌ಬಾಲ್ ಅಭಿಮಾನಿಯ ಉಡುಪು ಮನೆಯಲ್ಲೇ ತಯಾರಿಸುವ ಬಗೆ

ಪಶ್ಚಿಮ ಜರ್ಮನಿಯ ಫುಟ್‌ಬಾಲ್ ಮೈದಾನಗಳಲ್ಲಿ 1970 ಮತ್ತು 80ರ ದಶಕದ ಅಭಿಮಾನಿಗಳು ಕುಟ್ಟೆ ಎಂಬ ಜಾಕೆಟ್ ಹಾಕಿಕೊಂಡು ಬರುತ್ತಿದ್ದರು. ತೋಳು ಕತ್ತರಿಸಿದ ಜೀನ್ಸ್ ಜಾಕೆಟ್, ಬೆನ್ನ ತುಂಬ ತಮ್ಮ ಕ್ಲಬ್ಬಿನ ಲಾಂಛನ, ಅದರ ಸುತ್ತ ಒಂದೊಂದೇ ಸೇರಿಸುತ್ತ ಬಂದ ಪ್ಯಾಚುಗಳು. ಮುಂದೆ ಅಂಗಡಿಯ ಜರ್ಸಿಗಳು ಬಂದು ಇದರ ಬಳಕೆ ಕಡಿಮೆಯಾಯಿತಾದರೂ ಅಲ್ಲಿಯ ಹಳಬರು ಈಗಲೂ ತೊಡುತ್ತಾರೆ. ಜರ್ಸಿ ಸಾವಿರ ಜನರ ಮೈಮೇಲೂ ಒಂದೇ ತರಹ ಇರುತ್ತದೆ. ಇಂಥ ಜಾಕೆಟ್ ಮಾತ್ರ ಇಬ್ಬರದು ಒಂದೇ ಆಗಲಾರದು.

ಕಲಬುರಗಿ, ಯಾದಗಿರಿಯ ಬಿಸಿಲಿಗೆ ಜರ್ಮನಿಯ ಲೆಕ್ಕ ಹಾಗೇ ಹೊಂದುವುದಿಲ್ಲ. ದಪ್ಪ ಡೆನಿಮ್ಮು, ಅದರ ಮೇಲೆ ದಪ್ಪ ಪ್ಯಾಚು, ಒಳಗೆ ಅಸ್ತರು ಎಂದರೆ ಮೇ ತಿಂಗಳಲ್ಲಿ ಅರ್ಧ ಗಂಟೆಯೂ ಮೈಮೇಲೆ ನಿಲ್ಲದು. ಆದರೆ ಬಟ್ಟೆಯ ಮೇಲೆ ಬಟ್ಟೆ ಜೋಡಿಸಿ, ಸುಕ್ಕಾಗದಂತೆ, ವರ್ಷಗಟ್ಟಲೆ ಬಾಳುವಂತೆ ಹೊಲಿಯುವುದು ನಮ್ಮ ಕಡೆಯ ಮನೆಗಳಿಗೆ ಹೊಸದಲ್ಲ. ಕೌದಿ ಹೊಲಿಯುವ ಕೈ ಇದ್ದರೆ ಈ ಜಾಕೆಟ್ಟಿನ ಮುಕ್ಕಾಲು ಕೆಲಸ ಗೊತ್ತಿದ್ದಂತೆಯೇ. ಉಳಿದ ಕಾಲು ಭಾಗ ಯಾವ ಬಟ್ಟೆ, ಎಷ್ಟು ಅಳತೆ, ಎಲ್ಲಿ ಹೊಲಿಯಬಾರದು ಎಂಬುದು.

ಬಟ್ಟೆಯ ಆಯ್ಕೆ

ಹೊಸ ಜಾಕೆಟ್ ಬೇಡ. ಹತ್ತಾರು ಸಲ ಒಗೆದು ಮೆತ್ತಗಾದ ಹಳೆಯದು ಸಿಕ್ಕರೆ ಅದೇ ಒಳ್ಳೆಯದು, ಏಕೆಂದರೆ ಅದು ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ, ಬಿಡುವ ಬಣ್ಣವನ್ನೂ ಬಿಟ್ಟಿರುತ್ತದೆ. ಪೇಟೆಯ ಸಾಮಾನ್ಯ ಡೆನಿಮ್ ಜಾಕೆಟ್ 12ರಿಂದ 14 ಔನ್ಸಿನದು, ಅಂದರೆ ಚದರ ಮೀಟರಿಗೆ 400ರಿಂದ 475 ಗ್ರಾಂ. ನಮ್ಮ ಹವೆಗೆ ಇದು ಹೆಚ್ಚು. 6ರಿಂದ 8 ಔನ್ಸಿನ, ಅಂದರೆ 200ರಿಂದ 270 ಗ್ರಾಮಿನ ತೆಳು ಡೆನಿಮ್ ಸಾಕು. ದಪ್ಪ ಡೆನಿಮ್ ಅಂಗಿಯೂ ನಡೆಯುತ್ತದೆ. ಒರಟು ಖಾದಿಯ ವೇಸ್ಟ್‌ಕೋಟ್ ಇದ್ದರೆ ಅದು ಇನ್ನೂ ತಂಪು. ಹಿಗ್ಗುವ ದಾರ ಬೆರೆತ ಸ್ಟ್ರೆಚ್ ಡೆನಿಮ್ ಮಾತ್ರ ಬೇಡವೇ ಬೇಡ. ಜಾಕೆಟ್ ಹಿಗ್ಗುತ್ತದೆ, ಪ್ಯಾಚು ಹಿಗ್ಗುವುದಿಲ್ಲ. ಎರಡರ ಜಗ್ಗಾಟದಲ್ಲಿ ಹೊಲಿಗೆ ಕಿತ್ತುಬರುತ್ತದೆ.

ಅಳತೆಯಲ್ಲಿ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ. ಗುಂಡಿ ಹಾಕಿದಾಗ ಜಾಕೆಟ್ಟಿನ ಎದೆಸುತ್ತು ಮೈಯ ಅಳತೆಗಿಂತ 12ರಿಂದ 15 ಸೆಂಟಿಮೀಟರ್ ಹೆಚ್ಚಿರಬೇಕು. ಪ್ಯಾಚುಗಳು ಕೂಡಿದಂತೆ ಬಟ್ಟೆ ಬಿರುಸಾಗಿ ಒಳಗಿನ ಜಾಗ ಕಡಿಮೆಯಾಗುತ್ತದೆ. ಗಾಳಿಯಾಡಲೂ ಆ ಸಡಿಲು ಬೇಕು. ಒಳಗೆ ಹತ್ತಿಯ ಟೀ ಶರ್ಟ್ ಹಾಕುವ ಲೆಕ್ಕವನ್ನೂ ಇದರಲ್ಲೇ ಹಿಡಿಯಿರಿ.

ಪ್ಯಾಚಿಗೆ ಪಾಪ್ಲಿನ್, ಡ್ರಿಲ್, ಹಳೆಯ ಹತ್ತಿ ಸೀರೆಯ ಗಟ್ಟಿ ಭಾಗ, ಫೆಲ್ಟ್ ಇವು ಸಾಕು. ಫೆಲ್ಟಿನ ಅಂಚು ಎಳೆ ಬಿಡದು, ಹಾಗಾಗಿ ಅಕ್ಷರ ಕತ್ತರಿಸಲು ಸುಲಭ; ಆದರೆ ಪೇಟೆಯ ಫೆಲ್ಟ್ ಬಹುಪಾಲು ಸಿಂಥೆಟಿಕ್, ಬೆವರು ಹೀರದು, ಉಜ್ಜಿದರೆ ಜುಂಗು ಏಳುತ್ತದೆ. ಬೆನ್ನಿನ ದೊಡ್ಡ ತುಂಡು ಹತ್ತಿಯದೇ ಇರಲಿ, ಫೆಲ್ಟ್ ಅಕ್ಷರಗಳಿಗಷ್ಟೇ ಇರಲಿ. ಕಲಬುರಗಿಯವರಿಗೆ ಕಪಡಾ ಬಜಾರಿನ ಅಂಗಡಿಗಳಲ್ಲಿ ತುಂಡು ಬಟ್ಟೆ ಸಿಗುತ್ತದೆ. ದರ್ಜಿಯವರ ಅಂಗಡಿಯಲ್ಲಿ ಉಳಿದ ಚೂರುಗಳನ್ನು ಕೇಳಿದರೂ ಬೇಕಾದಷ್ಟು ಬಣ್ಣ ಕೂಡುತ್ತವೆ.

ಇದರ ಜೊತೆ ಬೇಕಾದವು: ಗಟ್ಟಿ ಪಾಲಿಯೆಸ್ಟರ್ ದಾರ, ಕಸೂತಿಯ ಆರೆಳೆ ದಾರ, 7ನೇ ನಂಬರಿನ ಕೈಸೂಜಿ, ಹೊಲಿಗೆ ಯಂತ್ರಕ್ಕೆ 16ನೇ ನಂಬರಿನ ಸೂಜಿ, ಅಂಗುಸ್ತಾನ, ಜೇನುಮೇಣದ ತುಂಡು, ದರ್ಜಿಯ ಸೀಮೆಸುಣ್ಣ, ಕಾರ್ಬನ್ ಪೇಪರ್, ಅಂಟು ಬಕ್ರಂ (ಇಸ್ತ್ರಿಯ ಕಾವಿಗೆ ಅಂಟುವ ಬಿರುಸು ಬಟ್ಟೆ). ಅಂಗುಸ್ತಾನ ಇಲ್ಲದೆ ಡೆನಿಮ್ಮಿಗೆ ಕೈಹೊಲಿಗೆ ಹಾಕಲು ಹೋಗಬೇಡಿ, ಒಂದೇ ಸಂಜೆಯಲ್ಲಿ ನಡುಬೆರಳು ತೂತಾಗುತ್ತದೆ. ಹತ್ತಿ ದಾರಕ್ಕಿಂತ ಪಾಲಿಯೆಸ್ಟರ್ ದಾರ ಮೇಲು ಎನ್ನಲು ಕಾರಣ, ಬೆವರು ಮತ್ತು ಒಗೆತಕ್ಕೆ ಅದು ಬೇಗ ಕೊಳೆಯದು, ಬಣ್ಣ ಬಿಡದು.

ಕತ್ತರಿಸುವ ಮೊದಲು ನೀರು

ಎಲ್ಲ ಬಟ್ಟೆಯನ್ನೂ ಮೊದಲೇ ಒಗೆಯಬೇಕು. ಜಾಕೆಟ್ಟನ್ನಷ್ಟೇ ಅಲ್ಲ, ಪ್ಯಾಚಿನ ಪ್ರತಿ ಬಣ್ಣದ ಬಟ್ಟೆಯನ್ನೂ ಬೇರೆಬೇರೆಯಾಗಿ. ಒಗೆಯದ ಪಾಪ್ಲಿನ್ ಒಗೆದ ಡೆನಿಮ್ಮಿನ ಮೇಲೆ ಕೂತರೆ ಮೊದಲ ಒಗೆತದಲ್ಲಿ ಅದು ಕುಗ್ಗಿ, ಸುತ್ತಲಿನ ಡೆನಿಮ್ ನೆರಿಗೆ ಬೀಳುತ್ತದೆ. ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಅದು ಸರಿಹೋಗದು.

ಬಣ್ಣದ ಪರೀಕ್ಷೆ ಹೀಗೆ: ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಬಣ್ಣದ ಬಟ್ಟೆಯ ಮೇಲೆ ಒತ್ತಿ 20 ಸಲ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಇನ್ನೂ ತಯಾರಾಗಿಲ್ಲ. ಕೆಂಪು, ಕಡುನೀಲಿ, ಕರಿ ಈ ಮೂರು ಹೆಚ್ಚು ಕಾಡುತ್ತವೆ. ಉಪ್ಪು ಹಾಕಿ ನೆನೆಸಿದರೆ ಬಣ್ಣ ಹಿಡಿಯುತ್ತದೆ ಎಂಬ ಮಾತಿದೆ, ಆದರೆ ಆಗಲೇ ಬಣ್ಣ ಹಾಕಿದ ಬಟ್ಟೆಯಲ್ಲಿ ಉಪ್ಪಿನಿಂದ ಪ್ರಯೋಜನವಿಲ್ಲ. ಹಿಡಿಯದೆ ಉಳಿದ ಬಣ್ಣ ಹೊರಗೆ ಹೋಗಬೇಕು, ನೀರು ತಿಳಿಯಾಗುವ ತನಕ ಮತ್ತೆಮತ್ತೆ ಒಗೆಯುವುದೊಂದೇ ದಾರಿ. ಐದಾರು ಸಲ ಒಗೆದರೂ ಬಿಡುತ್ತಿದ್ದರೆ ಆ ಬಟ್ಟೆಯನ್ನು ಬಿಟ್ಟು ಬೇರೆ ನೋಡಿ, ಬಿಳಿ ಪಟ್ಟಿಯ ಪಕ್ಕದಲ್ಲಂತೂ ಇಡಬೇಡಿ. ಇನ್ನೊಂದು ಮಾತು ಸುಣ್ಣದ ಕಲ್ಲಿನ ಸೀಮೆಯವರಿಗೆ. ಶಹಾಬಾದ, ಸೇಡಂ ಕಡೆಯ ಬೋರ್ ನೀರು ಗಡಸು. ಬಾರ್ ಸೋಪು ಅದರಲ್ಲಿ ನೊರೆಯಾಗದೆ ಬೂದು ಜಿಡ್ಡಾಗಿ ಎಳೆಗಳ ನಡುವೆ ಕೂರುತ್ತದೆ, ಬಟ್ಟೆ ಬಿರುಸಾಗುತ್ತದೆ, ಅಂಟು ಬಕ್ರಂ ಸರಿಯಾಗಿ ಹಿಡಿಯುವುದಿಲ್ಲ. ಡಿಟರ್ಜಂಟ್ ಪುಡಿ ಬಳಸಿ, ಕೊನೆಯ ಎರಡು ಜಾಲಾಟಕ್ಕೆ ಸಿಕ್ಕರೆ ನಳದ ನೀರು ಅಥವಾ ಮಳೆನೀರು ಬಳಸಿ.

ತೋಳು ಕತ್ತರಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಭುಜದ ಹೊಲಿಗೆಯ ಮೇಲೆಯೇ ಕತ್ತರಿ ಆಡಿಸಿದರೆ ಅಲ್ಲಿನ ಜೋಡಿಹೊಲಿಗೆ ಬಿಚ್ಚಿಕೊಂಡು ಕಂಕುಳು ಜೋತುಬೀಳುತ್ತದೆ. ತೋಳು ಮತ್ತು ಮೈ ಕೂಡುವ ಹೊಲಿಗೆಯನ್ನು ಹಾಗೇ ಉಳಿಸಿ, ತೋಳಿನ ಕಡೆಗೆ 1.5 ಸೆಂಟಿಮೀಟರ್ ದೂರದಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಆ ಗೆರೆಯ ಮೇಲೆ ಕತ್ತರಿಸಿ. ಎರಡೂ ತೋಳಿಗೆ ಮೊದಲು ಗೆರೆ ಹಾಕಿ, ಜಾಕೆಟ್ಟನ್ನು ನಡುವಿಗೆ ಮಡಚಿ ಎರಡೂ ಕಡೆ ಸರಿಯಾಗಿ ಕೂಡುತ್ತವೆಯೇ ನೋಡಿ, ಆಮೇಲೆಯೇ ಕತ್ತರಿ.

ಅಂಚು ಮುಗಿಸಲು ಎರಡು ದಾರಿ. ಜರ್ಮನಿಯವರ ಹಾಗೆ ಎಳೆ ಬಿಟ್ಟ ಅಂಚು ಬೇಕೆಂದರೆ, ಕತ್ತರಿಸಿದ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಯಂತ್ರದಲ್ಲಿ ಎರಡು ಸುತ್ತು ಹೊಲಿಗೆ ಹಾಕಿ, ಆಮೇಲೆ ಸೂಜಿಯಿಂದ ಎಳೆ ಬಿಡಿಸಿ. ಎಳೆ ಆ ಹೊಲಿಗೆಯ ತನಕ ಬಂದು ನಿಲ್ಲುತ್ತದೆ. ಎರಡನೆಯದು ಕ್ರಾಸ್ ಪಟ್ಟಿ. ಕ್ಲಬ್ಬಿನ ಬಣ್ಣದ ಪಾಪ್ಲಿನ್ನನ್ನು ಓರೆಯಾಗಿ, ಸರಿಯಾಗಿ 45 ಡಿಗ್ರಿಯಲ್ಲಿ, 4 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ, ಕಂಕುಳ ಸುತ್ತಳತೆಗೆ 3 ಸೆಂಟಿಮೀಟರ್ ಸೇರಿಸಿ ಉದ್ದ ಇಟ್ಟುಕೊಳ್ಳಿ. ದೊಡ್ಡವರ ಜಾಕೆಟ್ಟಿಗೆ ಒಂದು ಬದಿಗೆ 50ರಿಂದ 60 ಸೆಂಟಿಮೀಟರ್ ಹಿಡಿಯುತ್ತದೆ. ನೇರವಾಗಿ ಕತ್ತರಿಸಿದ ಪಟ್ಟಿ ಕಂಕುಳಿನ ತಿರುವಿನಲ್ಲಿ ಬಾಗದೆ ಗಂಟುಗಂಟಾಗಿ ನಿಲ್ಲುತ್ತದೆ. ನಮ್ಮ ಆಯ್ಕೆ ಈ ಎರಡನೆಯದೇ: ಬೆವರಿದ ಕಂಕುಳಿಗೆ ಒರಟು ಡೆನಿಮ್ ಉಜ್ಜುವುದು ತಪ್ಪುತ್ತದೆ.

ಭುಜದ ಮೇಲೆ ನಾಲ್ಕೈದು ಪದರ ಕೂಡುವ ಜಾಗದಲ್ಲಿ ಯಂತ್ರ ತಡೆಯುತ್ತದೆ, ಸೂಜಿ ಮುರಿಯುತ್ತದೆ. ಆ ಗಂಟನ್ನು ಶಹಾಬಾದಿ ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಹತ್ತಿಪ್ಪತ್ತು ಸಲ ಬಡಿದರೆ ಪದರಗಳು ಕೂತುಕೊಳ್ಳುತ್ತವೆ. ಅಷ್ಟು ಜಾಗವನ್ನು ಕಾಲಿನಿಂದ ತುಳಿಯದೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ.

ಮೊದಲು ಕಾಗದದಲ್ಲಿ

ಬೆನ್ನಿನ ಲಾಂಛನದ ಜಾಗ ಗೊತ್ತಾಗದೆ ಒಂದು ಪ್ಯಾಚನ್ನೂ ಹೊಲಿಯಬೇಡಿ. ಸಣ್ಣವನ್ನು ಮೊದಲು ಹೊಲಿದವರು ಆಮೇಲೆ ದೊಡ್ಡದಕ್ಕೆ ಜಾಗ ಸಾಲದೆ ಬಿಚ್ಚುತ್ತಾರೆ. ಪ್ರತಿ ಪ್ಯಾಚಿನ ಅಳತೆಗೆ ಸುದ್ದಿಪತ್ರಿಕೆಯ ತುಂಡು ಕತ್ತರಿಸಿ, ಗುಂಡುಸೂಜಿ ಹಚ್ಚಿ, ಜಾಕೆಟ್ ತೊಟ್ಟು ನೋಡಬೇಕು. ನೇರ ನಿಂತು ನೋಡಿದರಷ್ಟೇ ಸಾಲದು. ಗೋಲಾದಾಗ ಮಾಡುವಂತೆ ಎರಡೂ ಕೈ ಮೇಲೆತ್ತಿ, ಕುರ್ಚಿಯಲ್ಲಿ ಕೂತು, ಹೆಗಲಿಗೆ ಬ್ಯಾಗು ಹಾಕಿ ನೋಡಿ. ಎಲ್ಲಿ ಕಾಗದ ಮಡಚಿತೋ ಅಲ್ಲಿ ಪ್ಯಾಚು ಬಾಳಿಕೆ ಬರುವುದಿಲ್ಲ.

ಸಾಮಾನ್ಯ ಸೈಜಿನ ಜಾಕೆಟ್ಟಿನ ಬೆನ್ನಿನಲ್ಲಿ ಯೋಕಿನ, ಅಂದರೆ ಭುಜದ ಭಾಗದ ಅಡ್ಡ ತುಂಡಿನ, ಹೊಲಿಗೆಯ ಕೆಳಗೆ ಸುಮಾರು 35 ಸೆಂಟಿಮೀಟರ್ ಅಗಲದ ಜಾಗ ಸಿಗುತ್ತದೆ. ಅದರ ನಡುವೆ 24ರಿಂದ 26 ಸೆಂಟಿಮೀಟರ್ ಲಾಂಛನ. ಯೋಕಿನ ಮೇಲೆ 28 ಸೆಂಟಿಮೀಟರ್ ಉದ್ದ, 6ರಿಂದ 8 ಸೆಂಟಿಮೀಟರ್ ಎತ್ತರದ ಅಕ್ಷರಪಟ್ಟಿ. ಲಾಂಛನದ ಕೆಳಗೆ ಊರಿನ ಹೆಸರು. ಪಕ್ಕದ ಹೊಲಿಗೆಗಳ ಎರಡೂ ಬದಿ 3 ಸೆಂಟಿಮೀಟರ್ ಖಾಲಿ ಬಿಡಿ, ಕಂಕುಳ ಕೆಳಗೆ ಒಂದು ಅಂಗೈ ಅಗಲ ಏನನ್ನೂ ಹಚ್ಚಬೇಡಿ. ಮೈಯ ಕಾವು ಅಲ್ಲಿಂದಲೂ ಹೊರಹೋಗುತ್ತದೆ. ಜರ್ಮನಿಯ ಹಳೆಯ ಜಾಕೆಟ್ಟುಗಳಲ್ಲಿ ಬೆರಳಿಡಲೂ ಜಾಗವಿಲ್ಲದಂತೆ ತುಂಬಿರುತ್ತದೆ, ಅಲ್ಲಿಯ ಚಳಿಗೆ ಅದು ಸರಿ. ಇಲ್ಲಿ ಅರ್ಧ ಜಾಕೆಟ್ ಖಾಲಿ ಇದ್ದರೇನೇ ಚೆಂದ.

ಮುಂಭಾಗದಲ್ಲಿ ಎಡ ಎದೆಗೆ ಸಣ್ಣ ಲಾಂಛನ, ಬಲಗಡೆಗೆ ಋತುಗಳ ಪಟ್ಟಿ. ಬೆಂಗಳೂರು ಎಫ್‌ಸಿಯ ಅಭಿಮಾನಿಯಾದರೆ ಗೆದ್ದ ವರ್ಷಗಳಿಗೆ 12 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲದ ಒಂದೊಂದು ಪಟ್ಟಿ ಕೂರುತ್ತದೆ: 2013–14 ಮತ್ತು 2015–16ರ ಐ-ಲೀಗ್, 2018–19ರ ಇಂಡಿಯನ್ ಸೂಪರ್ ಲೀಗ್, 2022ರ ಡ್ಯುರಾಂಡ್ ಕಪ್ ಮುಂತಾದವು. ಕ್ಲಬ್ ಹುಟ್ಟಿದ್ದೇ 2013ರಲ್ಲಿ, ಹಾಗಾಗಿ ಮೊದಲ ಪಟ್ಟಿ ಮೊದಲ ಋತುವಿನದೇ ಆಗುತ್ತದೆ. ಅರ್ಜೆಂಟಿನಾ, ಬ್ರೆಜಿಲ್ ಅಭಿಮಾನಿಗಳಿಗೂ ಇದೇ ಲೆಕ್ಕ, ವಿಶ್ವಕಪ್ ಗೆದ್ದ ವರ್ಷಗಳು: 1978, 1986, 2022 ಎಂದು ಮೂರು ಪಟ್ಟಿ ಒಬ್ಬರಿಗೆ, 1958, 1962, 1970, 1994, 2002 ಎಂದು ಐದು ಇನ್ನೊಬ್ಬರಿಗೆ. ತಾಲೂಕು ತಂಡಕ್ಕೆ, ಓಣಿಯ ತಂಡಕ್ಕೆ ಜಾಕೆಟ್ ಮಾಡುವವರು ಇನ್ನೂ ಪುಣ್ಯವಂತರು, ಅವರ ಪ್ಯಾಚು ಪೇಟೆಯಲ್ಲಿ ಎಲ್ಲೂ ಸಿಗುವುದಿಲ್ಲ.

ಜೇಬಿನ ಮೇಲೆ ಹೊಲಿಯುವಾಗ ಒಳಗೊಂದು ರಟ್ಟಿನ ತುಂಡು ತೂರಿಸಿಡಿ. ಸೂಜಿ ರಟ್ಟಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ, ಜೇಬು ಮುಚ್ಚಿಹೋಗುವುದು ತಪ್ಪುತ್ತದೆ.

ಕನ್ನಡ ಅಕ್ಷರ ಕತ್ತರಿಸುವ ಕೆಲಸ

ಇಂಗ್ಲಿಷ್ ಅಕ್ಷರಗಳ ಅಳತೆ ನೋಡಿ ಕನ್ನಡದ ಪಟ್ಟಿ ಕತ್ತರಿಸಿದರೆ ಜಾಗ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು, ಎಲ್ಲದಕ್ಕೂ ಎಡೆ ಬೇಕು. ಮೂಲ ಅಕ್ಷರ 5 ಸೆಂಟಿಮೀಟರ್ ಎತ್ತರವಿದ್ದರೆ ಗುಡಿಸಿಗೆ ಮೇಲೆ 1.5, ಒತ್ತಕ್ಷರಕ್ಕೆ ಕೆಳಗೆ 3 ಸೆಂಟಿಮೀಟರ್ ಬಿಡಬೇಕು. ಒಳ್ಳೆಯ ಸಂಗತಿ ಎಂದರೆ ನಮ್ಮ ಮೂರೂ ಊರುಗಳ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರೂ ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ಆಟಗಾರನ ಹೆಸರು ಹಾಕುವಾಗ ಕಷ್ಟ ಶುರು. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಅವರಿಗಾಗಿ ಚೆಟ್ರಿ ಎಂದು ಬರೆಯಲು ಹೊರಟರೆ ಟ್ರಿ ಅಕ್ಷರಕ್ಕೆ ಮೇಲೂ ಕೆಳಗೂ ಜಾಗ ಬೇಕು. ಅಂಥಲ್ಲಿ ಒತ್ತನ್ನು ಬಟ್ಟೆಯಲ್ಲಿ ಕತ್ತರಿಸದೆ ಸರಪಳಿ ಹೊಲಿಗೆಯಲ್ಲಿ ಹಾಕಿದರೆ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲವೇ ಅವರ ನಂಬರು 11ನ್ನು ಹಾಕಿದರೂ ನೋಡಿದವರಿಗೆ ತಿಳಿಯುತ್ತದೆ.

ಎತ್ತರ 4 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಬಟ್ಟೆಯ ಅಕ್ಷರ, 3ಕ್ಕಿಂತ ಕಡಿಮೆಯಿದ್ದರೆ ಆರೂ ಎಳೆಯ ಸರಪಳಿ ಹೊಲಿಗೆ. ನಡುವಿನದು ನಿಮ್ಮ ಕೈಯ ಹದಕ್ಕೆ ಬಿಟ್ಟದ್ದು. ಬಟ್ಟೆಯ ಅಕ್ಷರದ ಗೆರೆ ಎಲ್ಲೂ 8 ಮಿಲಿಮೀಟರಿಗಿಂತ ಸಣ್ಣದಾಗಬಾರದು. ಅದಕ್ಕಿಂತ ಸಣ್ಣದಾದರೆ ಅಂಚಿನ ಹೊಲಿಗೆಗೆ ಹಿಡಿತ ಸಿಗದೆ ಕಿತ್ತುಬರುತ್ತದೆ. ಅಕ್ಷರದೊಳಗಿನ ಕಂಡಿಗಳನ್ನೂ ದೊಡ್ಡದಾಗಿಯೇ ಬಿಡಿಸಿ. ರ, ಠ, ಬ ಇವುಗಳ ಹೊಟ್ಟೆ 6 ಮಿಲಿಮೀಟರಿಗಿಂತ ಕಿರಿದಾದರೆ ದೂರದಿಂದ ಮುಚ್ಚಿದ ಚುಕ್ಕೆಯಾಗಿ ಕಾಣುತ್ತದೆ. ಕಂಪ್ಯೂಟರಿನ ತೆಳು ಫಾಂಟುಗಳಿಗಿಂತ ಹಳೆಯ ಅಂಗಡಿ ಬೋರ್ಡುಗಳ ದಪ್ಪ, ದುಂಡು ಅಕ್ಷರಗಳನ್ನು ನೋಡಿ ಬರೆದುಕೊಳ್ಳುವುದು ಒಳ್ಳೆಯದು. ಬೋರ್ಡ್ ಬರೆಯುತ್ತಿದ್ದ ಪೇಂಟರುಗಳು ದೂರದ ಓದಿಗೆಂದೇ ಆ ಅಕ್ಷರ ರೂಢಿಸಿದ್ದರು.

ಪಾಪ್ಲಿನ್ ಅಕ್ಷರಕ್ಕೆ ಹಿಂಭಾಗದಲ್ಲಿ ಅಂಟು ಬಕ್ರಂ ಹಚ್ಚಿ ಕತ್ತರಿಸಿದರೆ ಎಳೆ ಬಿಡುವುದು ನಿಧಾನವಾಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜದೆ, ಒಂದೊಂದು ಜಾಗದಲ್ಲಿ 10ರಿಂದ 12 ಸೆಕೆಂಡ್ ಒತ್ತಿ ಎತ್ತಬೇಕು. ಉಜ್ಜಿದರೆ ಬಕ್ರಂ ಸರಿದು ಗುಳ್ಳೆ ಏಳುತ್ತದೆ. ಬಕ್ರಂ ಮೇಲೆ ಬರೆಯುವಾಗ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಇರಬೇಕು. ಇದನ್ನು ಮರೆತು ಇಡೀ ಹೆಸರನ್ನು ಉಲ್ಟಾ ಕತ್ತರಿಸುವುದು ತುಂಬಾ ಸಾಮಾನ್ಯ. ಕಾಗದದಲ್ಲಿ ಸರಿಯಾಗಿ ಬರೆದು, ಕಿಟಕಿಯ ಗಾಜಿಗೆ ಮಗುಚಿ ಹಿಡಿದು ಹಿಂದಿನಿಂದ ತಿದ್ದಿಕೊಂಡರೆ ತಪ್ಪಾಗದು.

ಕ್ಲಬ್ಬುಗಳ ಲಾಂಛನಗಳು ನೋಂದಾಯಿತ ಗುರುತುಗಳು. ಅವನ್ನು ಹಾಕಿ ಜಾಕೆಟ್ ತಯಾರಿಸಿ ಮಾರಾಟಕ್ಕೆ ಇಳಿಯಬೇಡಿ. ಅದಕ್ಕಿಂತ ಬಣ್ಣ ಕ್ಲಬ್ಬಿನದು, ಚಿತ್ರ ನಮ್ಮ ನೆಲದ್ದು ಎಂದು ಮಾಡಿದ ಲಾಂಛನ ಎಷ್ಟೋ ಪಾಲು ಚೆಂದ. ಬೀದರಿನವರು ಕರಿ ಬಟ್ಟೆಯ ಮೇಲೆ ಬೆಳ್ಳಿ ಬಣ್ಣದ ದಾರದಿಂದ ಬಿದರಿ ಪಾತ್ರೆಯ ಹೂಬಳ್ಳಿ ತೆಗೆದರೆ ಕರಿ-ಬಿಳುಪಿನ ತಂಡಕ್ಕೆ ಅದಕ್ಕಿಂತ ಒಪ್ಪುವುದು ಬೇರೆ ಯಾವುದಿದೆ? ಕಲಬುರಗಿಯವರಿಗೆ ಕೋಟೆಯೊಳಗಿನ ಜಾಮಿ ಮಸೀದಿಯ ಕಮಾನುಗಳಿವೆ. ಕಮಾನಿನ ಆಕಾರದ ಪ್ಯಾಚು ಕತ್ತರಿಸಲೂ ಸುಲಭ, ಬೆನ್ನಿನ ಮೇಲೆ ಕೂರಲೂ ಸುಲಭ. ತೊಗರಿಯ ಹಳದಿ ಹೂ ನೀಲಿ ಬಟ್ಟೆಯ ಮೇಲೆ ಬಹಳ ದೂರದಿಂದ ಕಾಣುತ್ತದೆ.

ಕೌದಿಯ ಹಾಗೆ ಕೂರಿಸುವುದು

ಇಸ್ತ್ರಿ ಹಾಕಿ ಅಂಟಿಸುವ ತಯಾರಿ ಪ್ಯಾಚುಗಳಲ್ಲಿ ಅಂಟಿನ ಮೇಲಷ್ಟೇ ಭರವಸೆ ಇಡಬೇಡಿ. ಡೆನಿಮ್ ಮಡಚಿ ಬಿಚ್ಚಿ, ನೀರು ಕುಡಿದು ಒಣಗಿ, ನಾಲ್ಕೈದು ಒಗೆತಕ್ಕೆ ಮೂಲೆಗಳು ಎದ್ದು ನಿಲ್ಲುತ್ತವೆ. ಬಿಳಿ ಅಂಟಂತೂ ನೀರಿಗೆ ಮೆತ್ತಗಾಗುತ್ತದೆ. ಗಟ್ಟಿ ಅಂಟು ಬಳಸಿದರೆ ಆಮೇಲೆ ಸೂಜಿ ಓಡುವುದಿಲ್ಲ. ಹೊಲಿಗೆಯೇ ಆಗಬೇಕು.

ಪ್ಯಾಚಿನ ಅಂಚನ್ನು 7 ಮಿಲಿಮೀಟರ್ ಒಳಮಡಿಚಿ ಇಸ್ತ್ರಿ ಮಾಡಿ. ದುಂಡು ಪ್ಯಾಚಾದರೆ ಅಂಚಿಗೆ ಓಟದ ಹೊಲಿಗೆ ಹಾಕಿ, ಅದೇ ಅಳತೆಯ ರಟ್ಟಿನ ಬಿಲ್ಲೆ ಒಳಗಿಟ್ಟು ದಾರ ಎಳೆದರೆ ಅಂಚು ತಾನೇ ಒಳಗೆ ಬಾಗುತ್ತದೆ. ಇಸ್ತ್ರಿ ಮಾಡಿ ರಟ್ಟು ತೆಗೆಯಿರಿ. ಆಮೇಲೆ ಜಾಕೆಟ್ಟನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಪ್ಯಾಚಿಟ್ಟು, 3 ಸೆಂಟಿಮೀಟರ್ ಉದ್ದದ ಕಚ್ಚಾ ಹೊಲಿಗೆಯಿಂದ ಮೊದಲು ನಡುವೆ ಅಡ್ಡ ಮತ್ತು ಉದ್ದ, ಆಮೇಲೆ ಸುತ್ತ ಕಟ್ಟಿ. ಗುಂಡುಸೂಜಿಯಷ್ಟೇ ಹಾಕಿ ಹೊಲಿದರೆ ಕೈ ಆಡುವಾಗ ಪ್ಯಾಚು ಸರಿದು ಸೊಟ್ಟಗಾಗುತ್ತದೆ. ತೊಡೆಯ ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿದರೂ ಬಟ್ಟೆ ಬಾಗಿರುತ್ತದೆ, ನೆಲಕ್ಕೆ ಹಾಸಿದಾಗ ಸುಕ್ಕು ಕಾಣುತ್ತದೆ.

ಅಂಚಿಗೆ ಜೋಡಿ ದಾರದ ಹೆಮ್ಮಿಂಗ್, 3 ಮಿಲಿಮೀಟರಿಗೆ ಒಂದು. ಎಳೆ ಬಿಡುವ ಬಟ್ಟೆಯಾದರೆ ಗುಂಡಿಯ ಕಣ್ಣಿಗೆ ಹಾಕುವ ಕಾಜು ಹೊಲಿಗೆ. ದಾರ 45 ಸೆಂಟಿಮೀಟರಿಗಿಂತ ಉದ್ದ ಬೇಡ. ಉದ್ದ ದಾರ ಡೆನಿಮ್ಮಿನಲ್ಲಿ ಹತ್ತಾರು ಸಲ ಹಾದು ಜುಂಗೆದ್ದು ನಡುವೆಯೇ ತುಂಡಾಗುತ್ತದೆ. ಮೇಣದ ಮೇಲೆ ಎರಡು ಸಲ ಎಳೆದುಕೊಂಡರೆ ಗಂಟು ಬೀಳದು.

ಅಂಚು ಮುಗಿದ ಮೇಲೆ ಕೌದಿಯ ಕೆಲಸ. ದೊಡ್ಡ ಲಾಂಛನವನ್ನು ಅಂಚಿನಲ್ಲಿ ಮಾತ್ರ ಹೊಲಿದರೆ ಕೆಲವು ತಿಂಗಳಲ್ಲಿ ನಡು ಜೋತು ಚೀಲದಂತಾಗುತ್ತದೆ, ಭಾರವೆಲ್ಲ ಮೇಲಿನ ಅಂಚಿನ ಹೊಲಿಗೆಗೆ ಬಿದ್ದು ಅಲ್ಲೇ ಹರಿಯುತ್ತದೆ. ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಓಟದ ಹೊಲಿಗೆ ಶುರುಮಾಡಿ ಸುತ್ತ ಬನ್ನಿ. ಮತ್ತೆ ಒಂದು ಸೆಂಟಿಮೀಟರ್ ಚಿಲ್ಲರೆ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿನ ತನಕ. ಒಂದೊಂದು ಹೊಲಿಗೆ 4ರಿಂದ 5 ಮಿಲಿಮೀಟರ್, ನಡುವೆ ಅಷ್ಟೇ ಬಿಡುವು. ಭಾರ ನೂರಾರು ಹೊಲಿಗೆಗಳಿಗೆ ಹಂಚಿಹೋಗುವುದರಿಂದ ಯಾವುದೂ ಹರಿಯುವುದಿಲ್ಲ. ಒಂದು ಜಾಗದಲ್ಲಿ ಕಿತ್ತರೂ ಪಕ್ಕದ ಸುತ್ತು ಹಿಡಿದಿರುತ್ತದೆ. 26 ಸೆಂಟಿಮೀಟರಿನ ಚೌಕ ಲಾಂಛನಕ್ಕೆ ಅಂಚೂ ಸೇರಿ ಸುಮಾರು 20 ಮೀಟರ್ ದಾರ ಹಿಡಿಯುತ್ತದೆ, ಜೋಡಿ ದಾರದ ಲೆಕ್ಕದಲ್ಲಿ.

ದಾರ ಎಳೆಯುವ ಬಿಗಿಯೇ ಇಡೀ ಕೆಲಸದ ಜೀವ. ಬಿಗಿ ಹೆಚ್ಚಾದರೆ ನೆರಿಗೆ, ಸಡಿಲಾದರೆ ಬೆರಳಿಗೆ, ಬ್ಯಾಗಿನ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಪ್ರತಿ 10 ಸೆಂಟಿಮೀಟರಿಗೊಮ್ಮೆ ಜಾಕೆಟ್ಟನ್ನು ನೆಲಕ್ಕೆ ಹಾಸಿ ಅಂಗೈ ಆಡಿಸಿ ನೋಡಿ, ಉಬ್ಬು ಸಿಕ್ಕರೆ ಅಲ್ಲೇ ಸಡಿಲಿಸಿ. ಮುಗಿದ ಮೇಲೆ ತಿದ್ದಲು ಬರುವುದಿಲ್ಲ. ಗಂಟುಗಳು ಒಳಬದಿಗೆ ಬಂದರೆ ಬೆವರಿದ ಬೆನ್ನಿಗೆ ಚುಚ್ಚುತ್ತವೆ. ಗಂಟನ್ನು ಪ್ಯಾಚು ಮತ್ತು ಜಾಕೆಟ್ಟಿನ ನಡುವೆ ಅಡಗಿಸಿ, ಕೊನೆಯಲ್ಲಿ ಗಂಟಿನ ಬದಲು ಒಂದರ ಮೇಲೊಂದು ಎರಡು ಹಿಂಹೊಲಿಗೆ ಹಾಕಿ ಕತ್ತರಿಸಿ.

ಹೊಲಿಗೆ ಕಾಣದಂತೆ ಅದೇ ಬಣ್ಣದ ದಾರ ಬಳಸುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ: ನೀಲಿ ಬಟ್ಟೆಯ ಮೇಲೆ ಬಿಳಿ ದಾರದ ಸುತ್ತುಗಳು ಎದ್ದು ಕಾಣಲಿ. ಬೇರೆ ಊರಿನ ಅಭಿಮಾನಿಯ ಜಾಕೆಟ್ಟಿನಲ್ಲಿ ಇಲ್ಲದ್ದು ಅದೇ. ಮನೆಯಲ್ಲಿ ಕೌದಿ ಹೊಲಿದ ಹಿರಿಯರು ಇದ್ದರೆ ಮೊದಲ ಎರಡು ಸುತ್ತನ್ನು ಅವರ ಕೈಯಲ್ಲೇ ಹಾಕಿಸಿ ನೋಡಿ. ಬಿಗಿ ಎಷ್ಟು ಎಂಬುದು ಬರೆದು ಹೇಳುವುದಕ್ಕಿಂತ ಕಣ್ಣಲ್ಲಿ ನೋಡಿದರೆ ಬೇಗ ತಿಳಿಯುತ್ತದೆ.

ಕನ್ನಡಿ, ಕವಡೆ

ಈ ಮೂರೂ ಜಿಲ್ಲೆಗಳಲ್ಲಿ ಲಂಬಾಣಿ ತಾಂಡಾಗಳಿವೆ, ಆ ಹೆಣ್ಣುಮಕ್ಕಳ ಕನ್ನಡಿ ಕಸೂತಿಗೆ ಸಾಟಿ ಇಲ್ಲ. ಜಾಕೆಟ್ಟಿಗೆ ಅಂಥ ಕೆಲಸ ಬೇಕೆಂದರೆ ಅವರ ಹಳೆಯ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಕೊಂಡು ಕತ್ತರಿಸಿ ಹಚ್ಚುವುದನ್ನು ದಯವಿಟ್ಟು ಮಾಡಬೇಡಿ. ವರ್ಷಗಟ್ಟಲೆ ಕೂತು ಹೊಲಿದ ಉಡುಪು ಅದು, ಒಮ್ಮೆ ತುಂಡಾದರೆ ಮತ್ತೆ ಹುಟ್ಟುವುದಿಲ್ಲ. ನಿಮ್ಮ ಬಣ್ಣದ ಬಟ್ಟೆ ಕೊಟ್ಟು, ಒಂದು ಅಂಗೈ ಅಗಲದ ಹೊಸ ತುಂಡನ್ನು ಹೊಲಿಸಿಕೊಳ್ಳಿ, ಕೈಕೆಲಸದ ದಿನಗಳ ಲೆಕ್ಕದಲ್ಲಿ ಪೂರ್ತಿ ಕೂಲಿ ಕೊಡಿ, ಹಬ್ಬದ ದಿನಗಳನ್ನು ಬಿಟ್ಟು ಸಮಯ ಕೇಳಿ.

ತಾವೇ ಕಲಿಯುವವರಿಗೆ: 2 ಸೆಂಟಿಮೀಟರಿನ ಕನ್ನಡಿ ಇಟ್ಟು, ಅದರ ಮೇಲೆ ಎರಡು ಅಡ್ಡ, ಎರಡು ಉದ್ದ ದಾರ ಹಾಯಿಸಿ ಚೌಕ ಕಟ್ಟಿ. ಆ ಚೌಕದ ದಾರವನ್ನೂ ಅಂಚಿನ ಬಟ್ಟೆಯನ್ನೂ ಕೂಡಿಸಿ ಸುತ್ತ ಕಾಜು ಹೊಲಿಗೆ ಹಾಕಿದರೆ ಚೌಕ ಹಿಗ್ಗಿ ದುಂಡಗಾಗಿ ಕನ್ನಡಿಯನ್ನು ಹಿಡಿಯುತ್ತದೆ. ಮೊದಲ ಚೌಕ ಸಡಿಲಾದರೆ ಕನ್ನಡಿ ಉದುರುತ್ತದೆ, ಅಷ್ಟೇ ರಹಸ್ಯ. ಮೈದಾನಕ್ಕೆ ಹೋಗುವ ಜಾಕೆಟ್ಟಿನಲ್ಲಿ ಗಾಜಿನ ಬದಲು ಪ್ಲಾಸ್ಟಿಕ್ ಕನ್ನಡಿ ಬಳಸಿ. ನೂಕುನುಗ್ಗಲಿನಲ್ಲಿ ಗಾಜು ಒಡೆದು ಪಕ್ಕದವರಿಗೆ ತಾಗುತ್ತದೆ. ಬೆನ್ನಿನ ನಡುವೆ, ಭುಜದ ಮೇಲೆ ಕನ್ನಡಿ ಬೇಡ, ಕುರ್ಚಿಗೂ ಬ್ಯಾಗಿಗೂ ಉಜ್ಜುತ್ತದೆ. ಕವಡೆಗಳು ಕೆಳ ಅಂಚಿಗೆ ಚೆಂದ, ಹತ್ತಕ್ಕಿಂತ ಹೆಚ್ಚಾದರೆ ಭಾರಕ್ಕೆ ಜಾಕೆಟ್ ಮುಂದಕ್ಕೆ ಜಗ್ಗುತ್ತದೆ. ನಾಣ್ಯ, ಲೋಹದ ಪಿನ್ನು, ಸರಪಳಿ ಇವೆಲ್ಲ ಕ್ರೀಡಾಂಗಣದ ಬಾಗಿಲಲ್ಲಿ ತಪಾಸಣೆಗೆ ತಡೆಯಾಗಬಹುದು. ರಾತ್ರಿಯೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಹೋದವರು ಜಾಕೆಟ್ ಬಿಚ್ಚಿಟ್ಟು ಒಳಹೋಗುವಂತಾಗಬಾರದು, ಲೋಹವನ್ನು ಮೊದಲೇ ಬಿಡಿ.

ಕೊರಳಿಗೆ

ಯುರೋಪಿನವರ ಉಣ್ಣೆಯ ಸ್ಕಾರ್ಫ್ ಇಲ್ಲಿ ಬೇಡ. ತೆಳು ಹತ್ತಿಯ 150 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಎರಡು ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಲು ಆ ಉದ್ದ ಬೇಕು. ಹೆಗಲ ಮೇಲಿನ ಟವೆಲ್ಲಿಗೆ ಎರಡೂ ತುದಿಯಲ್ಲಿ ಕ್ಲಬ್ಬಿನ ಬಣ್ಣದ ಮೂರು ಪಟ್ಟಿ ಹೊಲಿದರೂ ಆದೀತು, ಬೆವರು ಒರೆಸಲೂ ಆಯಿತು. ಹೆಸರನ್ನು ನಡುವೆ ಬರೆಯಬೇಡಿ, ಕೊರಳ ಹಿಂದೆ ಅಡಗುತ್ತದೆ. ತುದಿಗಳಲ್ಲಿ ಬರೆಯಿರಿ.

ಒಗೆತ ಮತ್ತು ದುರಸ್ತಿ

ಜಾಕೆಟ್ಟನ್ನು ಒಗೆಯಲೇಬಾರದು ಎಂಬ ನಂಬಿಕೆ ಜರ್ಮನಿಯ ಹಳೆಯ ಅಭಿಮಾನಿಗಳಲ್ಲಿದೆ. ಇಲ್ಲಿಯ ಬೆವರಿಗೆ ಅದು ನಡೆಯದು; ಬೆವರಿನ ಉಪ್ಪು ಎಳೆಯೊಳಗೆ ಕೂತು ಬಟ್ಟೆಯನ್ನು ಬಿರುಸು ಮಾಡುತ್ತದೆ, ಕೊರಳಪಟ್ಟಿಯಲ್ಲಿ ಬಿಳಿ ಗೆರೆ ಬೀಳುತ್ತದೆ. ಮಗುಚಿ, ತಣ್ಣೀರಿನಲ್ಲಿ, ಸ್ವಲ್ಪ ಡಿಟರ್ಜಂಟ್ ಹಾಕಿ 15 ನಿಮಿಷ ನೆನೆಸಿ, ಕೈಯಲ್ಲಿ ಹಿಸುಕಿ ತೆಗೆಯಿರಿ. ಒಗೆಯುವ ಕಲ್ಲಿಗೆ ಬಡಿಯಬೇಡಿ, ಪ್ಯಾಚಿನ ಮೇಲೆ ಬ್ರಷ್ ಹಾಕಬೇಡಿ, ಹಿಂಡಬೇಡಿ. ಒದ್ದೆ ಜಾಕೆಟ್ಟನ್ನು ಹ್ಯಾಂಗರಿಗೆ ಹಾಕಿದರೆ ನೀರಿನ ಭಾರಕ್ಕೆ ಭುಜ ಜಗ್ಗುತ್ತದೆ. ಹೊರಸಿನ ಮೇಲೆ ನೆರಳಿನಲ್ಲಿ ಹಾಸಿದರೆ ಮೇಲೂ ಕೆಳಗೂ ಗಾಳಿಯಾಡಿ ಬೇಗ ಒಣಗುತ್ತದೆ. ನೇರ ಬಿಸಿಲಿಗೆ ಕೆಂಪು ಮೊದಲು ಮಂಕಾಗುತ್ತದೆ. ಇಸ್ತ್ರಿ ಒಳಬದಿಯಿಂದ ಮಾತ್ರ. ಪಾಲಿಯೆಸ್ಟರ್ ದಾರ, ಸಿಂಥೆಟಿಕ್ ಫೆಲ್ಟ್ ಹೆಚ್ಚು ಕಾವಿಗೆ ಕರಗುತ್ತವೆ.

ಋತು ಮುಗಿದು ಎತ್ತಿಡುವಾಗ ಪೂರ್ತಿ ಒಣಗಿದೆಯೇ ನೋಡಿ. ಪದರಗಳ ನಡುವಿನ ತೇವ ಕೈಗೆ ಗೊತ್ತಾಗುವುದಿಲ್ಲ, ಒಣಗಿದಂತೆ ಕಂಡ ಮೇಲೂ ಒಂದು ದಿನ ಹೆಚ್ಚಿಗೆ ಬಿಡಿ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಬೇವಿನ ಸೊಪ್ಪು ಹಾಕಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಹೊಲಿಗೆ ಕಿತ್ತದ್ದು ಕಂಡ ದಿನವೇ ಹಾಕಿಬಿಡಿ. ಕಿತ್ತ ಜಾಗದ ಎರಡೂ ಬದಿಗೆ 2 ಸೆಂಟಿಮೀಟರ್ ಹಳೆಯ ಹೊಲಿಗೆಯ ಮೇಲೆಯೇ ಹಾಯ್ದು ಹೋದರೆ ಮುಂದೆ ಬಿಚ್ಚದು. ಪ್ಯಾಚು ತೆಗೆಯಬೇಕಾದರೆ ಒಳಬದಿಯಿಂದ ಒಂದು ಬಿಟ್ಟು ಒಂದು ಹೊಲಿಗೆ ಕತ್ತರಿಸಿ, ದಾರವನ್ನು ಮೆಲ್ಲಗೆ ಎಳೆಯಿರಿ. ಮೇಲಿನಿಂದ ಬ್ಲೇಡ್ ಹಾಕಿದರೆ ಡೆನಿಮ್ ಹರಿಯುತ್ತದೆ. ತೆಗೆದ ಜಾಗದಲ್ಲಿ ಬಟ್ಟೆಯ ಬಣ್ಣ ಸುತ್ತಲಿಗಿಂತ ಕಡುವಾಗಿರುತ್ತದೆ, ಆ ಗುರುತು ಹೋಗಲು ಬಹಳ ಕಾಲ ಬೇಕು. ಆದ್ದರಿಂದ ಅಲ್ಲಿಗೆ ಬರುವ ಹೊಸ ಪ್ಯಾಚು ಹಳೆಯದಕ್ಕಿಂತ ಎಲ್ಲ ಬದಿಗೂ 5 ಮಿಲಿಮೀಟರ್ ದೊಡ್ಡದಿರಲಿ.